ಕಾಳವ್ವನ ತಿಪ್ಪೆ

ಭೂಮಿ ಆಗಿನ್ನೂ ಹೊಸದು. ಎತ್ತ ಹರಿಯಲಿ ಎಂದು ಹೊಳೆ ಗುಡ್ಡವನ್ನು ಕೇಳಿ ಹರಿಯುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು. ಬರುತ್ತಿತ್ತು ಏನು, ಮಾತು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಆ ಕಾಲದಲ್ಲಿ ಹುಲ್ಲು ತಾನಾಗಿಯೇ ಬಾಗಿ ಕಾಳು ಉದುರಿಸುತ್ತಿತ್ತು. ಹುಲ್ಲುಗಾವಲಿನ ಇರುವೆಗಳಿಗೆ ಬಾಗಿಲು ತೆರೆದರೆ ಕಾಳು, ಮುಚ್ಚಿದರೂ ಕಾಳು. ತಿನ್ನುವಷ್ಟು ತಿಂದು, ತುಂಬುವಷ್ಟು ತುಂಬಿ, ಮಿಕ್ಕಿದ್ದನ್ನು ಬಾಗಿಲಾಚೆ ಸುರಿಯುತ್ತಿದ್ದವು. ಹಾಗೆ ಸುರಿದ ತಿಪ್ಪೆಯನ್ನು ನೋಡಿಯೇ ಮನೆತನ ಅಳೆಯುವುದು ಅವುಗಳ ಪದ್ಧತಿ. ತಿಪ್ಪೆ ದೊಡ್ಡದಾದರೆ ಮನೆ ದೊಡ್ಡದು. ಹೆಣ್ಣು ಕೇಳಲು ಬಂದವರು ಮೊದಲು ತಿಪ್ಪೆ ನೋಡಿ, ಆಮೇಲೆ ಹೆಣ್ಣಿನ ಮುಖ ನೋಡುತ್ತಿದ್ದರು.

ಹುಲ್ಲುಗಾವಲಿನಲ್ಲಿ ಕಾಳವ್ವನ ತಿಪ್ಪೆ ಎರಡನೆಯದು.

ಅದೇ ಅವಳ ಕೊರಗು. ಏಳು ಕೋಣೆ ತುಂಬ ನವಣೆ, ಸಾಮೆ. ಒಳಮನೆ ತುಂಬ ಮರಿಗಳು. ಏನಿದ್ದರೇನು? ದಾರಿಯ ಆಚೆಗೆ ಸಿಂಗಾರಮ್ಮಣ್ಣಿಯ ತಿಪ್ಪೆ ಇವಳದಕ್ಕಿಂತ ಒಂದು ಗೇಣು ಎತ್ತರ. ಬೆಳಗ್ಗೆ ಎದ್ದ ಕಾಳವ್ವ ಸೂರ್ಯನನ್ನು ನೋಡುತ್ತಿರಲಿಲ್ಲ, ಆ ತಿಪ್ಪೆಯನ್ನು ನೋಡುತ್ತಿದ್ದಳು. ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದಳು. ಸಂಜೆ ಯಾರ ತಿಪ್ಪೆಯ ನೆರಳು ಎಲ್ಲಿಯವರೆಗೆ ಬಿತ್ತು ಎಂದು ಹೆಜ್ಜೆ ಹಾಕಿ ಅಳೆದು, ಮತ್ತೆ ಹೊಟ್ಟೆ ಉರಿಸಿಕೊಂಡು ಮಲಗುತ್ತಿದ್ದಳು.

ಗಾಳಿ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿದ್ದರೆ ಅದು ಗಾಳಿ ಹೇಗಾದೀತು?

"ಕಾಳವ್ವಾ, ಈಗಷ್ಟೇ ಆಚೆಮನೆಯಿಂದ ಬಂದೆ. ಅಬ್ಬಬ್ಬಾ, ಏನು ತಿಪ್ಪೆ! ಇವತ್ತು ಹೊಸ ಸಾಮೆ ಸುರಿದಿದ್ದಾರೆ. ಒಂದಾದ್ರೂ ಹುಳುಕು ಇರಬೇಕಲ್ಲ!"

"ಹುಳುಕಿಲ್ಲದ್ದನ್ನೂ ಸುರಿದಳಾ ಅವಳು?"

"ಕಣ್ಣಾರೆ ಕಂಡೆ. ಹೋಗ್ಲಿ ಬಿಡು, ಅದೆಲ್ಲ ನಿನ್ನ ಕೈಲಿ ಆಗೋದಲ್ಲ."

ಅಷ್ಟು ಸಾಕಾಯಿತು. ಅವತ್ತೇ ಕಾಳವ್ವ ನುಚ್ಚನ್ನೆಲ್ಲ ಹೊರಗೆ ಸುರಿಸಿದಳು. ಮರುದಿನ ಹಳೆಯ ಕಾಳು, ಅದರ ಮರುದಿನ ಹೊಸ ಕಾಳು. ಅಮ್ಮಣ್ಣಿ ನೋಡಿದಳು, ಅವಳೂ ಸುರಿಸಿದಳು. ಇವಳು ಒಂದು ಬೊಗಸೆ ಸುರಿದರೆ ಅವಳು ಎರಡು. ಅವಳು ಎರಡು ಸುರಿದರೆ ಇವಳು ನಾಲ್ಕು.

ಹುಲ್ಲುಗಾವಲಿನ ತುದಿಯಲ್ಲಿ ಒಂದು ಬೋಳುಬಂಡೆ. ಅಲ್ಲಿ ಹುಲ್ಲೂ ಇಲ್ಲ, ಕಾಳೂ ಇಲ್ಲ. ಅಲ್ಲಿ ವಾಸವಿದ್ದ ಚಿಟ್ಟಿರುವೆಗಳಲ್ಲಿ ಒಬ್ಬಳು ಸಣ್ಣಿ. ಅವಳು ಒಂದು ದಿನ ಕಾಳವ್ವನ ತಿಪ್ಪೆಯ ಬಳಿ ಬಂದು ನಿಂತಳು.

"ಅವ್ವಾ, ಈ ಕಾಳು ನಿಮಗೆ ಬೇಡ ತಾನೇ? ನಾಲ್ಕು ಎತ್ಕೊಂಡು ಹೋಗ್ಲಾ? ನಮ್ಮನೇಲಿ ಯಾರ ಬಾಯಿಗೂ ಏನೂ ಬಿದ್ದಿಲ್ಲ."

ಕಾಳವ್ವ ದಾರಿಯ ಆಚೆ ನೋಡಿದಳು. ಎರಡೂ ತಿಪ್ಪೆ ಇನ್ನೇನು ಸಮವಾಗುವುದರಲ್ಲಿದ್ದವು. ನಾಲ್ಕು ಕಾಳು ಹೋದರೆ?

"ನನಗೆ ಬೇಡ ಕಣೇ. ಆದ್ರೆ ತಿಪ್ಪೆಗೆ ಬೇಕು. ಅಮ್ಮಣ್ಣಿ ಮನೆಗೆ ಹೋಗು. ಅವಳ ತಿಪ್ಪೆಯಿಂದ ಎಷ್ಟು ಬೇಕಾದ್ರೂ ತಗೋ, ನಾನು ಬೇಡ ಅನ್ನಲ್ಲ."

"ಅಲ್ಲಿಂದಲೇ ಬಂದೆ ಅವ್ವಾ. ಅವರು ನಿಮ್ಮ ತಿಪ್ಪೆಯಿಂದ ತಗೋ ಅಂದ್ರು."

ಸಣ್ಣಿ ಬರಿಗೈಯಲ್ಲಿ ಹೋದಳು. ಕಾಳವ್ವ ತಿಪ್ಪೆಗೆ ನಾಲ್ಕು ಜನ ಕಾವಲುಗಾರರನ್ನು ಇಟ್ಟಳು. ಇದನ್ನು ಹೇಳುವಾಗ ನನಗೇ ನಾಚಿಕೆಯಾಗುತ್ತದೆ ಮಗು. ಬಿಸಾಡಿದ್ದಕ್ಕೆ ಕಾವಲು!

ಕೊನೆಗೂ ಒಂದು ಸಂಜೆ ಕಾಳವ್ವನ ತಿಪ್ಪೆಯ ನೆರಳು ಅಮ್ಮಣ್ಣಿಯ ಹೊಸ್ತಿಲು ಮುಟ್ಟಿತು. ಕಾಳವ್ವ ಆರೂ ಕಾಲೆತ್ತಿ ಕುಣಿದಳು.

"ಅವ್ವಾ, ಏಳು ಕೋಣೇನೂ ಖಾಲಿ" ಎಂದಳು ಹಿರಿಮಗಳು.

"ನಾಳೆ ಹುಲ್ಲು ಉದುರಿಸುತ್ತೆ ಬಿಡೇ. ಆಚೆ ಬಂದು ಅಮ್ಮಣ್ಣಿ ಮುಖ ನೋಡು, ಹೇಗೆ ಹುಳ್ಳಗಾಗಿದೆ!"

ನಾಳೆ ಬಂದದ್ದು ಮಳೆ. ಒಂದು ದಿನವಲ್ಲ ಎರಡು ದಿನವಲ್ಲ, ಒಂಬತ್ತು ದಿನ. ಹುಲ್ಲು ತೆನೆಸಮೇತ ನೆಲಕ್ಕೆ ಮಲಗಿತು. ತಿಪ್ಪೆಯ ಕಾಳು ಉಬ್ಬಿತು, ಹುಳಿಯಿತು, ಕಪ್ಪಾಯಿತು, ಆಮೇಲೆ ಎರಡೂ ತಿಪ್ಪೆ ಒಂದಾಗಿ ಕೊಚ್ಚಿಕೊಂಡು ಹೊಳೆಗೆ ಹೋದವು. ಹೊಳೆಗೆ ಗಾಬರಿಯಾಯಿತು.

"ಯಾರಮ್ಮಾ ನನಗೆ ಇಷ್ಟೊಂದು ಬಡಿಸಿದ್ದು? ನನಗೆ ಹಸಿವೇ ಇಲ್ಲವಲ್ಲ!"

ಒಳಗೆ ಮರಿಗಳು ಅಳುತ್ತಿದ್ದವು. ಮೊದಲು ಜೋರಾಗಿ ಅತ್ತವು, ಆಮೇಲೆ ಮೆಲ್ಲಗೆ. ಮೆಲ್ಲಗಾದಾಗ ಕಾಳವ್ವನಿಗೆ ಜೀವ ಹಾರಿದಂತಾಯಿತು. ಕಿರಿಯವಳಂತೂ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು.

ಒಂಬತ್ತನೆಯ ದಿನ ಮಳೆ ನಿಂತಿತು. ಕಾಳವ್ವ ತೂರಾಡುತ್ತ ಹೊರಬಂದರೆ ದಾರಿಯಲ್ಲಿ ಎದುರಾದವಳು ಸಿಂಗಾರಮ್ಮಣ್ಣಿ. ಅವಳೂ ಒಣಗಿ ಕಡ್ಡಿಯಾಗಿದ್ದಳು. ಆದರೂ ನನ್ನಷ್ಟು ಸೊರಗಿಲ್ಲ ಇವಳು ಎಂದು ಕಾಳವ್ವನಿಗೆ ಅದಕ್ಕೂ ಹೊಟ್ಟೆ ಉರಿಯಿತು.

"ಏನ್ರೀ ಅಮ್ಮಣ್ಣಿ, ಊಟ ಆಯ್ತಾ?"

"ಓ, ಆಯ್ತಲ್ಲ! ಹೊಟ್ಟೆ ಬಿರಿಯೋ ಹಾಗೆ. ನಿಮ್ಮದು?"

"ನಮ್ಮದೂ ಆಯ್ತು. ಮಿಕ್ಕಿದ್ದನ್ನ ಎಲ್ಲಿ ಹಾಕೋದು ಅಂತ ಯೋಚನೆ."

ಇಬ್ಬರೂ ಮೂತಿ ತಿರುಗಿಸಿ ನಡೆದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಾಳವ್ವನ ಕಾಲು ಸೋತಿತು. ಕುಸಿದು ಕೂತಳು.

ಅದೇ ದಾರಿಯಲ್ಲಿ ಸಣ್ಣಿ ಬರುತ್ತಿದ್ದಳು. ಮಳೆ ನಿಂತ ತಕ್ಷಣ ಎಕ್ಕದ ಗಿಡ ಹತ್ತಿ, ಎಲೆಯಡಿ ಕೂತು ರಸ ಹೀರುವ ಗಿಡಹೇನುಗಳು ಕೊಟ್ಟ ಸಿಹಿಹನಿಯನ್ನು ಬಾಯಲ್ಲಿ ತುಂಬಿಕೊಂಡು ಮನೆಗೆ ಹೊರಟಿದ್ದಳು.

"ಊಟ ಆಯ್ತಾ ಅವ್ವಾ?"

"ಆಯ್ತು" ಎಂದಳು ಕಾಳವ್ವ.

ಸಣ್ಣಿ ನಂಬಲಿಲ್ಲ. ಹತ್ತಿರ ಬಂದು ಮೀಸೆಯಿಂದ ಕಾಳವ್ವನ ಮುಖ ಸವರಿದಳು, ಬಾಯಿಗೆ ಬಾಯಿ ತಾಗಿಸಿ ನೋಡಿದಳು. "ಒಣಗಿ ಹೋಗಿದೆಯಲ್ಲ" ಎಂದಳು.

ಕಾಳವ್ವನ ಮೂಗಿಗೆ ಸಿಹಿ ವಾಸನೆ ಬಡಿಯಿತು. ಅವಳ ಹೊಟ್ಟೆ ಧಗ್ಗೆಂದಿತು. ತಿಪ್ಪೆಯೇ ಇಲ್ಲದ ಇವಳ ಬಾಯಲ್ಲಿ ಸಿಹಿ!

"ಬಾಯಿ ತೆರೀರಿ" ಎಂದಳು ಸಣ್ಣಿ.

"ನಾನು ನಾಲ್ಕು ಕಾಳು ಕೊಡಲಿಲ್ಲ. ನನಗ್ಯಾಕೆ ಕೊಡ್ತೀಯ?"

"ನಿಮಗೆ ಅಂತ ಯಾರು ಅಂದ್ರು? ನಿಮ್ಮ ಮರಿಗಳು ಅಳೋದು ನಮ್ಮ ಬಂಡೆವರೆಗೂ ಕೇಳಿಸ್ತಿದೆ. ತಗೊಂಡು ಹೋಗಿ ಕುಡಿಸಿ."

ಅರ್ಧ ಕೊಟ್ಟು ಅವಳು ಹೋದಳು. ಹಿಂತಿರುಗಿ ನೋಡಲೂ ಇಲ್ಲ.

ಕಾಳವ್ವ ಹನಿಯನ್ನು ನುಂಗದೆ ಹಿಡಿದು ಮನೆಯತ್ತ ಓಡಿದಳು. ಬಾಗಿಲ ಎದುರಿಗೇ ಅಮ್ಮಣ್ಣಿ ನಿಂತಿದ್ದಳು. ಆಚೆಮನೆಯಿಂದ ಮರಿಗಳ ಅಳು ಮೆಲ್ಲಗೆ, ತೀರಾ ಮೆಲ್ಲಗೆ ಬರುತ್ತಿತ್ತು. ಈಗ ಅವಳಲ್ಲಿ ಇಲ್ಲದ್ದು ಕಾಳವ್ವನಲ್ಲಿ ಇತ್ತು. ಹುಟ್ಟಿದಂದಿನಿಂದ ಕಾದ ಗಳಿಗೆ! ಕಾಳವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿ ಕಂಡು ಅವಳಿಗೇ ಭಯವಾಯಿತು.

"ನಮ್ಮದು ಊಟ ಆಯ್ತು" ಎಂದಳು ಅಮ್ಮಣ್ಣಿ, ಯಾರೂ ಕೇಳದೆಯೇ.

ಕಾಳವ್ವ ಮುಂದೆ ಬಂದು ಅಮ್ಮಣ್ಣಿಯ ಬಾಯಿಗೆ ಬಾಯಿ ತಾಗಿಸಿದಳು. ಒಣಬಾಯಿ. ಇದ್ದುದರಲ್ಲಿ ಅರ್ಧ ಹನಿ ಅದರೊಳಗೆ ಬಿಟ್ಟಳು. ಏಳು ಕೋಣೆ ಸುರಿದಾಗ ಆಗದ ಸಂಕಟ ಆ ಅರ್ಧ ಹನಿ ಕೊಡುವಾಗ ಆಯಿತು. ಮಿಕ್ಕ ಅರ್ಧ ಒಳಗೆ ಕೊಂಡೊಯ್ದು ಕಿರಿಯವಳ ಬಾಯಿಗೆ ಇಟ್ಟಳು. ಕಿರಿಯವಳು ಚಪ್ಪರಿಸಿದಳು.

ಕಾಳವ್ವನ ಹೊಟ್ಟೆಕಿಚ್ಚು ಹೋಯಿತೇ ಅಂತೀಯಾ? ಅದು ಅಷ್ಟು ಸುಲಭಕ್ಕೆ ಎಲ್ಲಿ ಹೋಗುತ್ತದೆ! ಆದರೆ 'ಆಯ್ತು' ಎಂಬ ಮಾತನ್ನು ಇರುವೆಗಳು ಅವತ್ತಿನಿಂದ ನಂಬುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಹೊರಟ ಸಾಲನ್ನು ಬೇಕಾದರೆ ನೋಡು. ಎಷ್ಟೇ ಅವಸರವಿರಲಿ, ಎದುರು ಸಿಕ್ಕ ಎರಡು ಇರುವೆಗಳು ಒಂದು ಗಳಿಗೆ ನಿಂತು, ಬಾಯಿಗೆ ಬಾಯಿ ತಾಗಿಸಿ, ಇನ್ನೊಬ್ಬಳ ಹೊಟ್ಟೆಗೆ ಬಿದ್ದಿದೆಯೋ ಇಲ್ಲವೋ ಎಂದು ನೋಡಿಯೇ ಮುಂದಕ್ಕೆ ಹೋಗುತ್ತವೆ.