ಹದಿನಾರು ಬಟ್ಟಲುಗಳ ಚಿತ್ರ

ಒಂದೂರಿನಲ್ಲಿ ಪದ್ಮನಾಭನೆಂಬ ಪೆದ್ದನೂ ಅವನನ್ನು ಹೆತ್ತ ಕಾವೇರಮ್ಮನೂ ಇದ್ದರು. ತಂದೆ ಸಾಯುವಾಗ ಬಿಟ್ಟುಹೋದದ್ದು ಮದುವೆಗಳ ವಿಡಿಯೋ ತೆಗೆಯುವ ಒಂದು ಕ್ಯಾಮೆರಾ. ಅದು ಪದ್ಮನಾಭನ ಕೈಗೆ ಬಂದ ಮೇಲೆ ಯಾವ ಮದುವೆಮನೆಯವರೂ ಕರೆಯಲಿಲ್ಲ.

"ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನಷ್ಟೇ ಮಾಡುತ್ತಾನೆ. ಇವನನ್ನು ಕಟ್ಟಿಕೊಂಡು ಏನು ಮಾಡಲಿ, ದೇವರೇ!" ಎಂದು ತಾಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹಿಂದಿನ ಬೀದಿಯಲ್ಲಿ ವಿಶಾಲಾಕ್ಷಮ್ಮನೆಂಬ ಅಜ್ಜಿ ಒಬ್ಬರೇ ಇದ್ದರು. ಹದಿನಾರು ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ, ಎರಡು ಕಡ್ಡಿಗಳಿಂದ ತಟ್ಟಿ ಜಲತರಂಗ ನುಡಿಸುವವರು. ಮೃದಂಗ ನುಡಿಸುತ್ತಿದ್ದ ಗಂಡ ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಮೇಲೆ ಕಛೇರಿಗೆ ಕರೆಯುವವರಿರಲಿಲ್ಲ, ಮನೆಗೆ ಬರುವವರೂ ಇರಲಿಲ್ಲ. ಈಗ ಕೈ ನಡುಗಲು ತೊಡಗಿತ್ತು.

"ಕೈ ಪೂರ್ತಿ ನಿಲ್ಲುವ ಮೊದಲು ಒಂದು ಚಿತ್ರ ಮಾಡಿಕೊಡಪ್ಪ. ನುಡಿಸುವವಳು ನಾನೊಬ್ಬಳೇ. ನಿರ್ದೇಶಕ ನೀನೇ," ಎಂದು ಪದ್ಮನಾಭನಿಗೆ ಹೇಳಿದರು.

ಕಾವೇರಮ್ಮ ಮಗನ ತಲೆ ಬಾಚಿ ಕಳಿಸಿದಳು. "ದೊಡ್ಡವರು ನುಡಿಸುವಾಗ ಬೊಂಬೆಯ ಹಾಗೆ ನಿಲ್ಲಬೇಡ. 'ಭೇಷ್' ಅನ್ನು!"

"ಅನ್ನುತ್ತೇನಮ್ಮ."

ಅಜ್ಜಿ ಒಂದು ಬಟ್ಟಲು ತಟ್ಟಿದರು. ಟಿಣ್! "ಭೇಷ್!" ಇನ್ನೊಂದು ತಟ್ಟಿದರು. ಟಿಣ್! "ಭೇಷ್!" ಸಂಜೆ ಚಿತ್ರ ಹಾಕಿ ನೋಡಿದರೆ ಟಿಣ್ ಕೇಳುವುದಿಲ್ಲ, ಭೇಷ್ ಒಂದೇ ಕೇಳುತ್ತದೆ.

"ಹನ್ನೊಂದು ವರ್ಷದ ಭೇಷ್ ಒಂದೇ ದಿನ ಬಂತಲ್ಲ!" ಎಂದು ಅಜ್ಜಿ ನಕ್ಕರು. ಕಾವೇರಮ್ಮ ನಗಲಿಲ್ಲ.

"ಮಂಕೇ! ಬಾಯಿ ಮುಚ್ಚಿಕೊಂಡಿರು! ಕ್ಯಾಮೆರಾವೇ ನಿನ್ನ ಕಣ್ಣು ಎಂದು ತಿಳಿ. ಅವರ ಕೈ ಬಿಟ್ಟು ಕಣ್ಣು ಕದಲಕೂಡದು!"

"ಕದಲುವುದಿಲ್ಲಮ್ಮ."

ಮರುದಿನ ಅಜ್ಜಿ ಮೊದಲು ಕಾಫಿ ಮಾಡಲೆಂದು ಅಡುಗೆಮನೆಗೆ ಹೋದರು. ಕೈ ಹೋಯಿತು, ಹಿಂದೆಯೇ ಕ್ಯಾಮೆರಾ ಹೋಯಿತು. ಕೈ ಕಾಫಿ ಬೆರೆಸಿತು. ಕೈ ಮೂರು ಲೋಟ ಇಟ್ಟಿತು, ಗಂಡನದೊಂದನ್ನು ಮತ್ತೆ ಗೂಡಿಗೆ ಹಿಂತಿರುಗಿಸಿತು. ಕೈ ಹುರುಳಿಕಾಯಿ ಸೋಸಿತು. ಕೈ ಕಡ್ಡಿ ಹಿಡಿಯುವ ಹೊತ್ತಿಗೆ ಬ್ಯಾಟರಿ ಮುಗಿದಿತ್ತು.

"ಅಷ್ಟು ವಯಸ್ಸಾದವರು ದುಡಿಯುತ್ತಿದ್ದರೆ ನೋಡುತ್ತಾ ನಿಂತೆಯಾ? ನಾಚಿಕೆಯಾಗಲಿಲ್ಲವೇ? ಅವರ ಮನೆಯಲ್ಲಿ ಬಟ್ಟಲು ಕಂಡರೆ ತೊಳೆದಿಡಬೇಕು!" ಎಂದು ಕಾವೇರಮ್ಮ ಗದರಿದಳು.

"ತೊಳೆದಿಡುತ್ತೇನಮ್ಮ."

ಮೂರನೆಯ ದಿನ ಅಜ್ಜಿ ಬೆಳಗಿನಿಂದ ಶ್ರುತಿ ಮಾಡಿದರು. ಈ ಬಟ್ಟಲಿಗೆ ಒಂದು ಚಮಚ ನೀರು ಹಾಕುವುದು, ಆ ಬಟ್ಟಲಿನಿಂದ ನಾಲ್ಕು ಹನಿ ತೆಗೆಯುವುದು, ತಟ್ಟಿ ಕಿವಿಗೊಡುವುದು. ಎರಡು ಗಂಟೆ ಹಿಡಿಯಿತು. ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬರುತ್ತಾರೆ, ಹದಿನಾರು ಬಟ್ಟಲುಗಳನ್ನೂ ಸೋಪಿನಲ್ಲಿ ತೊಳೆದು, ಒರೆಸಿ, ಕವುಚಿಟ್ಟಾಗಿದೆ! ಶ್ರುತಿಯ ನೀರೆಲ್ಲ ತುಳಸಿ ಗಿಡಕ್ಕೆ!

ಅಜ್ಜಿ ಬೈಯಲಿಲ್ಲ. ನಡುಗುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. "ನಾಳೆ ಇನ್ನೊಂದು ದಿನ ಹೇಗೋ ನುಡಿಸುತ್ತೇನೆ ಮಗು. ಆಮೇಲೆ ನನ್ನಿಂದಾಗದು."

ಕಾವೇರಮ್ಮ ಬೈದಳು. "ಕೋಣವೇ! ನಾಳೆ ನಾನೇ ಬಂದು ಕೂರುತ್ತೇನೆ. ನೀನಾಗಿ ಏನೂ ಮಾಡಬೇಡ. ನನ್ನ ಸನ್ನೆಗೆ ಕಾಯಿ. ನನ್ನ ಮುಖ ಬಿಟ್ಟು ಕಣ್ಣು ಕದಲಕೂಡದು!"

"ಕದಲುವುದಿಲ್ಲಮ್ಮ."

ನಾಲ್ಕನೆಯ ದಿನ ಅಜ್ಜಿ ಬಟ್ಟಲುಗಳ ಹಿಂದೆ ಕೂತರು, ಕಾವೇರಮ್ಮ ಎದುರು ಚಾಪೆಯ ಮೇಲೆ ಕೂತಳು. ಅಂದು ಕೈ ನಡುಗಲಿಲ್ಲ. ರಾಗ ಬೆಳೆಯುತ್ತಿದ್ದಂತೆ ಕಾವೇರಮ್ಮ ಸನ್ನೆ ಮಾಡುವುದನ್ನೇ ಮರೆತಳು. ತಲೆದೂಗಿದಳು. ತೊಡೆಯ ಮೇಲೆ ತಾಳ ಹಾಕಿದಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಜ್ಜಿ ಕಡ್ಡಿ ಕೆಳಗಿಟ್ಟರು. ಚಿತ್ರ ಹಾಕಿ ನೋಡಿದರು. ನಾದವೆಲ್ಲ ಇದೆ. ಬಟ್ಟಲಿಲ್ಲ, ಕೈಯಿಲ್ಲ, ಅಜ್ಜಿಯೇ ಇಲ್ಲ! ನಲವತ್ತು ನಿಮಿಷವೂ ಕಾವೇರಮ್ಮನ ಮುಖ!

"ಕ್ಯಾಮೆರಾವೇ ನಿನ್ನ ಕಣ್ಣು ಎಂದವಳು ನೀನೇ ಅಲ್ಲವೇ, ಅಮ್ಮ? ಕದಲಲೇ ಇಲ್ಲ ನೋಡು!"

ಕಾವೇರಮ್ಮ ಪೊರಕೆ ಹುಡುಕಿದಳು. ಅಜ್ಜಿ ಅವಳ ಕೈ ಹಿಡಿದರು. "ಬೇಡ ಕಣಮ್ಮ. ನುಡಿಸುವಾಗ ನಾನು ತಲೆಯೆತ್ತಿದವಳಲ್ಲ. ಕೇಳುವವರ ಮುಖ ಹೇಗಿರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಮಗು, ಇನ್ನೊಮ್ಮೆ ಹಾಕು. ನಾನು ಸಾಕು ಅನ್ನುವವರೆಗೆ ನಿಲ್ಲಿಸಬೇಡ."

"ನಿಲ್ಲಿಸುವುದಿಲ್ಲ ಅಜ್ಜಿ."

ಅಜ್ಜಿ ಸಾಕು ಅನ್ನಲಿಲ್ಲ. ತಾಯಿ ಊಟಕ್ಕೆ ಕರೆದಳು, ಪದ್ಮನಾಭ ಏಳಲಿಲ್ಲ. ಈಗಲೂ ಆ ಬೀದಿಯಲ್ಲಿ ಹೋದರೆ ಟಿಣ್ ಟಿಣ್ ಎಂದು ಕೇಳುತ್ತದೆಯಂತೆ. ಸಾಕು ಎನ್ನುತ್ತಿರುವವಳು ಕಥೆ ಹೇಳುವ ನಾನೊಬ್ಬಳೇ.