ಕೋಣನ ಕಿವಿಯ ದೈವವಾಣಿ

ಒಂದು ಕೆರೆಯಂಗಳದಲ್ಲಿ ಎಮ್ಮೆಗಳ ಹಿಂಡೊಂದಿತ್ತು. ಅವುಗಳ ಮೈಮೇಲಿನ ಉಣ್ಣೆಗಳನ್ನು, ಎಂದರೆ ರಕ್ತ ಹೀರುವ ಹುಳುಗಳನ್ನು, ಬೆಳ್ಳಕ್ಕಿಗಳು ಹೆಕ್ಕಿ ತಿನ್ನುತ್ತಿದ್ದವು. ಒಂದು ದಿನ ಹಿಂಡಿನ ಯಜಮಾನ ಕೋಣ, "ನನ್ನ ಕಿವಿಯಲ್ಲಿ ದೈವವೇ ನುಡಿದಿದೆ. ರೆಕ್ಕೆಯಿರುವವರು ಮುಟ್ಟಿದರೆ ಮೈಲಿಗೆ. ಓಡಿಸಿ!" ಎಂದು ಸಾರಿತು. ಎಮ್ಮೆಗಳು ಹಕ್ಕಿಗಳನ್ನು ಓಡಿಸಿದವು.

ಹೆಕ್ಕುವವರಿಲ್ಲದೆ ಉಣ್ಣೆಗಳು ಹೆಚ್ಚಿದವು. ಎಮ್ಮೆಗಳು ಬಡಕಲಾದವು, ಹಾಲು ಬತ್ತಿತು. ಹಾಲಿಲ್ಲವೆಂದು ಊರವರು ಬೂಸಾ ಹಾಕುವುದನ್ನೂ ನಿಲ್ಲಿಸಿದರು. ಕೋಡಮ್ಮನೆಂಬ ಎಮ್ಮೆಯ ಕರುವಂತೂ ಏಳಲಾರದೆ ಮಲಗಿಬಿಟ್ಟಿತು. ಕೋಡಮ್ಮ ಇನ್ನು ತಡೆಯಲಾರದೆ, ಕೆರೆಯಾಚೆಯಿಂದ ಒಂದು ಬೆಳ್ಳಕ್ಕಿಯನ್ನು ಕರೆತಂದಿತು.

"ಧರ್ಮಗೇಡಿ!" ಎಂದು ಕೋಣ ಗುಟುರು ಹಾಕಿತು. "ದೈವ ಈಗಲೂ ಕೂಗುತ್ತಿದೆ!"

"ಯಾವ ಕಿವಿಯಲ್ಲಿ, ಯಜಮಾನರೇ?" ಎಂದಿತು ಕೋಡಮ್ಮ.

"ಎಡಗಿವಿಯಲ್ಲಿ. ಬೇಕಾದರೆ ನೀನೇ ಕೇಳಿಸಿಕೋ" ಎಂದು ಕೋಣ ಕಿವಿಯೊಡ್ಡಿತು.

ಬೆಳ್ಳಕ್ಕಿ ಥಟ್ಟನೆ ಅದರೊಳಗೆ ಕೊಕ್ಕು ಹಾಕಿ, ದ್ರಾಕ್ಷಿಯಷ್ಟು ಊದಿದ್ದ ಉಣ್ಣೆಯೊಂದನ್ನು ಎಳೆದು ತೆಗೆಯಿತು. ಕೊಕ್ಕಿನಲ್ಲಿ ಸಿಕ್ಕಿಕೊಂಡೂ ಆ ಉಣ್ಣೆ, "ಮೈಲಿಗೆ! ಓಡಿಸಿ!" ಎಂದು ಕೂಗುತ್ತಲೇ ಇತ್ತು. ಬೆಳ್ಳಕ್ಕಿ ಅದನ್ನು ನುಂಗಿತು. ಕೂಗು ನಿಂತಿತು.

ಕೋಣ ಬೆಳ್ಳಕ್ಕಿಯ ಮುಂದೆ ತಲೆ ತಗ್ಗಿಸಿತು.

"ಮೊದಲು ಆ ಕರುವನ್ನು ನೋಡು, ತಾಯಿ. ನನ್ನ ಬಲಗಿವಿ ಆಮೇಲೆ."