ಹೆಂಡತಿಗೆ ಕೇಳಿಸದ ಹಾಡು

"ಗುರುಗಳೇ, ಮನೆಯಲ್ಲಿ ಗಿಟಾರ್ ನುಡಿಸುವವನಿಗೆ ಯಾವುದು ಸರಿ? ವಾಲ್ವಿನ ಹಳೆಯ ಆಂಪ್ಲಿಫೈಯರೋ, ಹೊಸ ಡಿಜಿಟಲ್ ಡಬ್ಬಿಯೋ?" ಎಂದು ಶಿಷ್ಯ ಕೇಳಿದ.

ಗುರುವಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕತೆ ಹೇಳಿದ.

"ರೀ, ಏನ್ ಬಾರಸ್ಲಿಕತ್ತೀರಿ? ನನಗ ಬರೇ ತಂತಿ ಕೆರದಂಗ ಕೇಳಸ್ತದ." ಒಬ್ಬ ಗಿಟಾರಿನವನಿಗೆ ಅವನ ಹೆಂಡತಿ ಆಡಿದ ಕೊನೆಯ ಮಾತು ಇದು.

ಅವರದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸು. ಎರಡು ಮನೆಗೆ ಒಂದೇ ಗೋಡೆ. ಆಚೆ ಮನೆಯಲ್ಲಿ ಒಬ್ಬ ಇಂಜಿನ್ ಡ್ರೈವರ್. ರಾತ್ರಿ ದುಡಿದು ಹಗಲು ಮಲಗುವವನು. ಗಿಟಾರಿನವನದು ಕರೆಂಟಿನ ಗಿಟಾರ್, ಅದರ ದನಿ ಏರಿಸಲು ವಾಲ್ವಿನ ಆಂಪ್ಲಿಫೈಯರ್ ಇತ್ತು. ಅದರೊಳಗಿನ ಗಾಜಿನ ವಾಲ್ವುಗಳು ಬಿಸಿಯಾಗಬೇಕು, ಜೋರಾಗಬೇಕು, ಆಗಲೇ ಅದರ ದನಿ ತುಂಬುವುದು. ಅದು ತುಂಬಿತೆಂದರೆ ಡ್ರೈವರ್ ಗೋಡೆ ಗುದ್ದುತ್ತಿದ್ದ.

"ಏ ಮಾರಾಯಾ! ರಾತ್ರಿ ಎಲ್ಲಾ ಹಾರ್ನ್ ಹೊಡದು ಹೊಡದು ಸಾಕಾಗಿ ಮನಿಗೆ ಬಂದ್ರ, ನೀ ಇಲ್ಲಿ ಹೊಡಿಲಿಕತ್ತಿ!"

ಹೀಗೆ ಬೈಸಿಕೊಂಡು ಬೈಸಿಕೊಂಡು ಅವನು ಹೊಸ ಡಬ್ಬಿ ತಂದ. ಅಂಗೈಗಿಂತ ಸ್ವಲ್ಪ ದೊಡ್ಡದು. ಎಷ್ಟೋ ಆಂಪ್ಲಿಫೈಯರುಗಳ ದನಿಯನ್ನು ಅದು ಅನುಕರಿಸುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಎಲ್ಲ ಅವನಿಗೆ ಮಾತ್ರ. ಡ್ರೈವರ್ ನಿದ್ದೆ ಮಾಡಿದ.

ಆಮೇಲೆ ಹೆಂಡತಿ ಹಾಸಿಗೆ ಹಿಡಿದಳು. ಮದುವೆಯಾದ ಹೊಸದರಲ್ಲಿ ಅವನು ನುಡಿಸುತ್ತಿದ್ದ ಒಂದು ಹಾಡು ಇತ್ತು. ಅದನ್ನು ಇನ್ನೊಮ್ಮೆ ಕೇಳಬೇಕು ಅಂದಳು. ಬೇರೇನೂ ಬೇಡಲಿಲ್ಲ.

ಅವನು ಮಂಚದ ಪಕ್ಕದಲ್ಲೇ ಕೂತ. ಹೆಡ್‌ಫೋನ್ ಹಾಕಿಕೊಂಡ. ಹಾಡು ಬರುತ್ತಿತ್ತು. ದನಿ ಮಾತ್ರ ಅಂದಿನದಲ್ಲ ಅನ್ನಿಸಿತು. ಡಬ್ಬಿಯ ಗುಂಡಿ ತಿರುಗಿಸಿದ. ಒಂದು ದನಿ ಗಡುಸು, ಒಂದು ತೆಳು. ಮತ್ತೆ ತಿರುಗಿಸಿದ. ಬೆಳಗಿನಿಂದ ಸಂಜೆಯ ತನಕ ಇದೇ ಕೆಲಸ. ಅವಳಿಗೆ ಕೇಳಿದ್ದು ಒಣ ತಂತಿಯ ಕೆರೆತ.

ಏನು ಬಾರಿಸುತ್ತಿದ್ದೀರಿ ಎಂದು ಅವಳು ಕೇಳಿದಾಗ ಅವನು ಒಂದು ಕಿವಿಯದನ್ನು ಎತ್ತಿದ. "ತಡಿ. ಆ ದನಿ ಇನ್ನೂ ಸಿಕ್ಕಿಲ್ಲ. ಸಿಕ್ಕಮ್ಯಾಲೆ ಕೇಳಸ್ತೀನಿ" ಅಂದ. ಮತ್ತೆ ಕಿವಿ ಮುಚ್ಚಿಕೊಂಡ.

ದನಿ ಸಿಕ್ಕಿತು. ಸಿಕ್ಕಿತು ಎಂದು ಹೇಳಲು ತಿರುಗಿದ. ಅವಳು ಹೋಗಿದ್ದಳು.

ಮಣ್ಣು ಮಾಡಿ ಬಂದವನು ಡಬ್ಬಿಯನ್ನು ಹಿತ್ತಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದ. ಅಂಗಡಿಯವನನ್ನು ಬೈದ. ಡಬ್ಬಿ ಮಾಡಿದವರನ್ನು ಬೈದ. ಅವರ ವಂಶ ಹಾಳಾಗಲಿ ಅಂದ. ಸಮಾಧಾನ ಹೇಳಲು ಬಂದವರನ್ನೂ ಬೈದು ಕಳಿಸಿದ.

ಮರುದಿನ ಬೆಳಿಗ್ಗೆ ಹಳೆಯ ಆಂಪ್ಲಿಫೈಯರನ್ನು ಬಾಗಿಲಿಗೆ ಎಳೆದು ತಂದ. ಪೂರ್ತಿ ಏರಿಸಿದ. ಅದೇ ಹಾಡು ನುಡಿಸಿದ. ಬಾಗಿಲು ಅದುರಿತು. ಓಣಿಯ ನಾಯಿಗಳು ಎದ್ದು ಓಡಿದವು.

ಡ್ರೈವರ್ ಹೊರಗೆ ಬಂದ. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ. ಕೈಕಟ್ಟಿ ನಿಂತ.

"ಈಗ ಬೈಯೋ! ಈಗ ಯಾಕ ಬಾಯಿ ಮುಚ್ಚೀದಿ? ಗ್ವಾಡಿ ಗುದ್ದೋ!" ಎಂದು ಗಿಟಾರಿನವನು ಕೂಗಿದ. ಡ್ರೈವರ್ ತಲೆ ತಗ್ಗಿಸಿದ. ಇವನು ಬೆರಳು ಒಡೆಯುವ ತನಕ ನುಡಿಸಿದ.

ಇಷ್ಟು ಹೇಳಿ ಗುರು ಕತೆ ಮುಗಿಸಿದ.

ಶಿಷ್ಯ ಕಣ್ಣು ಒರೆಸಿಕೊಂಡು ಅಂದ: "ಗೊತ್ತಾಯಿತು ಗುರುಗಳೇ. ಹಳೆಯದೇ ಸರಿ. ಆ ಹಾಳು ಡಬ್ಬಿಯನ್ನು ಜಜ್ಜಿದ್ದು ನ್ಯಾಯವೇ."

"ಆ ಡಬ್ಬಿಯಲ್ಲೂ ಸ್ಪೀಕರಿನ ತಂತಿ ಸಿಕ್ಕಿಸುವ ತೂತು ಇತ್ತು ಕಣಯ್ಯಾ" ಎಂದ ಗುರು.